ರಮಜಾನಬಿಯ ಚಾಬೂಕು

ಮಸ್ಕಿ ರಸ್ತೆಯ ಹುಣಸೆಮರದ ಕೆಳಗೆ ಮುನ್ಷಿ ಅಂಬಪ್ಪನವರು ಮೊಣಕಾಲೂರಿ ಕುಳಿತಿದ್ದರು. ಧೋತರ ಮಣ್ಣಾಗದಿರಲೆಂದು ಮೊದಲು ಕರವಸ್ತ್ರ ಹಾಸಿಕೊಂಡಿದ್ದರು. ಹೊಟ್ಟೆ ಹಿಡಿದಿದೆ ಎಂದು ಟಾಂಗಾ ನಿಲ್ಲಿಸಿ ಇಳಿದಿದ್ದವರು ಅವರೇ.

"ನೀರ ಕೊಡ್ಲೇನ್ರಿ?" ಟಾಂಗಾದ ಮೇಲಿನಿಂದಲೇ ಕೇಳಿದಳು ಅದನ್ನು ಹೊಡೆಯುವ ರಮಜಾನಬಿ.

"ನೀರ ಬ್ಯಾಡ. ನೀ ಇಳದು ಬಾ. ಚಾಬೂಕು ತಗೊಂಡು ಬಾ."

ಹಾವಿರಬೇಕು ಅಂದುಕೊಂಡು ಅವಳು ಚಾಬೂಕು ಎತ್ತಿಕೊಂಡು ಜಿಗಿದಳು. "ಎಲ್ಲೈತ್ರಿ?"

"ಏನು?"

"ಹಾವು!"

"ಹಾವಿಲ್ಲ ಏನಿಲ್ಲ," ಅಂಬಪ್ಪನವರು ರಸ್ತೆಯ ಎರಡೂ ಕಡೆ ನೋಡಿ ಕೋಟಿನ ಒಳಜೇಬಿನಿಂದ ಸಣ್ಣದೊಂದು ಪುಸ್ತಕ ತೆಗೆದರು. ಮುಂಬಯಿಯಿಂದ ಕದ್ದುಮುಚ್ಚಿ ತರಿಸಿದ್ದು, ಮೇಲೆ ಕಚೇರಿಯ ಕಾಗದದ ಹೊದಿಕೆ. ಒಳಗೆ ಬರೀ ಚಿತ್ರ. ಬೂಟು ತೊಟ್ಟ ಹೆಂಗಸೊಬ್ಬಳು ಚಾಬೂಕು ಎತ್ತಿ ನಿಂತಿದ್ದಾಳೆ, ಅವಳ ಕಾಲ ಬಳಿ ಮೀಸೆ ಹೊತ್ತ ಗಂಡಸೊಬ್ಬ ಕೈಮುಗಿದು ಕುಳಿತಿದ್ದಾನೆ. ಹಾಳೆ ತಿರುವಿದರೆ ಮತ್ತೆ ಅದೇ, ಗಂಡಸಿನ ಮೀಸೆ ಮಾತ್ರ ಬೇರೆ.

"ಡೇರೆಯೊಳಗಿನ ಟಾಕಿ ಒಂಬತ್ತು ಸಲ ನೋಡೀನಿ," ಎಂದರು ಅವರು ತಲೆ ತಗ್ಗಿಸಿ. "ಅದರಾಗಿನ ಚಾಬೂಕಿನ ಹೆಂಗಸು ಗದರಸ್ತಾಳಲ್ಲ, ಹಂಗ ನನಗ ಒಮ್ಮಿ ಗದರ್ಸು. ಒಂದ ಏಟು ಸಾಕು. ಯಾರಿಗೂ ಹೇಳಂಗಿಲ್ಲ."

ರಮಜಾನಬಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. "ಇಕಿ ಚಾಬೂಕು ಹಿಡದದ್ದು ನೋಡಿದ್ರ ಒಂದಿನಾನೂ ಕುದುರಿ ಹೊಡದಾಕಿ ಅಲ್ಲ ಬಿಡ್ರಿ," ಎಂದು ಪುಸ್ತಕ ಹಿಂದಕ್ಕೆ ಕೊಟ್ಟಳು.

ಅವಳ ಗಂಡ ಸತ್ತು ಆರು ವರ್ಷವಾಗಿತ್ತು. ಅವನ ಟಾಂಗಾದ ಲಗಾಮನ್ನು ಅವಳೇ ಹಿಡಿದಾಗ ಲಿಂಗಸುಗೂರಿನ ಬಜಾರು ಒಂದು ವಾರ ನಕ್ಕಿತ್ತು. ಆಮೇಲೆ ಊರಿನ ಸಾಹುಕಾರ ಹಾಜಿಸಾಬರ ಮನೆಯಿಂದ ಕರೆ ಬಂತು. ಪರದೆಯ ಹೆಂಗಸರಿಗೆ ಹೆಂಗಸೇ ಹೊಡೆಯುವ ಗಾಡಿ ಸಿಕ್ಕರೆ ಯಾರಿಗೆ ಬೇಡ? ಹಾಜಿಸಾಬರ ಮನೆ ನೋಡಿ ಉಳಿದ ಮನೆಗಳೂ ಕರೆದವು. ಅವಳ ಕುದುರೆಗೆ ಹೊಟ್ಟೆತುಂಬ ಹುಲ್ಲು, ಅವಳಿಗೆ ಎರಡು ಹೊತ್ತು ರೊಟ್ಟಿ ನಡೆಯುತ್ತಿದ್ದುದು ಅದರಿಂದಲೇ.

ಚಾಬೂಕು ಇತ್ತು, ಆದರೆ ಏಟಿಗಲ್ಲ. ಜನ ಅಡ್ಡ ಬಂದರೆ ಟಾಂಗಾದವರು ಅದರ ಕೋಲನ್ನು ತಿರುಗುವ ಗಾಲಿಯ ಅರಗಳಿಗೆ ಹಿಡಿಯುತ್ತಾರೆ. ಟರ್ರೆಂದು ಸದ್ದಾಗುತ್ತದೆ, ಜನ ಸರಿಯುತ್ತಾರೆ. ರಮಜಾನಬಿಯ ಕುದುರೆ ನಗೀನಾ ಆ ಸದ್ದಿಗೆ ಹೆಜ್ಜೆ ಹಾಕುತ್ತಿತ್ತೇ ಹೊರತು ಬೆನ್ನ ಮೇಲೆ ಒಂದು ಬಾಸುಂಡೆ ಕಂಡದ್ದಿಲ್ಲ.

ಎರಡು ತಿಂಗಳ ಹಿಂದೆ ಸಂತೆಯ ಬಯಲಿನಲ್ಲಿ ಮಾತಾಡುವ ಚಿತ್ರ ತೋರಿಸುವ ಟಾಕಿಯ ಡೇರೆ ಎದ್ದಿತು. ಅದರ ಮಾಲೀಕ ದಸ್ತಗೀರ್‌ಸಾಬ್ ಬಂದು, ತನ್ನ ಜಾಹೀರಾತಿನ ಹಲಗೆಯನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಮೂರು ದಿನ ಬಜಾರು ಸುತ್ತಿದರೆ ಸವೆದ ಗಾಲಿಗೆ ಹೊಸ ಕಬ್ಬಿಣದ ಪಟ್ಟಿ ಹಾಕಿಸಿಕೊಡುವೆನೆಂದ. ಹಲಗೆಯ ಮೇಲೆ ಚಾಬೂಕು ಹಿಡಿದ ಹೆಂಗಸಿನ ಚಿತ್ರವಿತ್ತು. ಪಾಪ, ತನ್ನ ಹಾಗೆ ಟಾಂಗಾ ಹೊಡೆಯುವವಳ ಕಥೆಯಿರಬೇಕು ಅಂದುಕೊಂಡಳು ರಮಜಾನಬಿ. ಒಳಗೊಳಗೇ ಹೆಮ್ಮೆಯೂ ಆಯಿತು. ಆ ಹೆಂಗಸು ಟಾಕಿಯ ತುಂಬ ಗಂಡಸರನ್ನು ಅಟ್ಟಾಡಿಸಿ ಬಡಿಯುತ್ತಾಳೆಂಬುದು ಇವಳಿಗೆ ತಿಳಿಯುವ ಹೊತ್ತಿಗೆ ಗಾಲಿಗೆ ಹೊಸ ಪಟ್ಟಿ ಬಿದ್ದಿತ್ತು, ಅವಳಿಗೆ 'ಚಾಬೂಕುರಾಣಿ' ಎಂಬ ಹೆಸರೂ ಬಿದ್ದಿತ್ತು. ಪಡ್ಡೆಗಳು ಗಾಡಿಯ ಮುಂದೆ ಏಟು ಹಾಕೆಂದು ಬೆನ್ನು ಬಗ್ಗಿಸಿ ನಿಲ್ಲತೊಡಗಿದರು. ಅಂಥವಳ ಗಾಡಿಯಲ್ಲಿ ಮರ್ಯಾದಸ್ಥರ ಹೆಂಗಸರು ಹೋಗುವುದುಂಟೇ? ಸದ್ಯಕ್ಕೆ ಬರುವುದು ಬೇಡವೆಂದು ಹಾಜಿಸಾಬರ ಮನೆಯಿಂದ ಹೇಳಿಕಳಿಸಿದರು. ಉಳಿದವರು ಹೇಳಿಕಳಿಸಲೂ ಇಲ್ಲ.

"ಹಾಜಿಸಾಬರ ಹತ್ರ ನಾ ಮುನ್ಷಿ ಅದೀನಿ," ಅಂಬಪ್ಪನವರು ನೆಲದಿಂದಲೇ ಹೇಳಿದರು. "ನನ್ನ ಮಾತು ಅಲ್ಲಿ ನಡೀತೈತಿ. ನೀ ಇದೊಂದು ನಡಸಿಕೊಟ್ರ ನಿನ್ನ ಗಾಡಿ ಮತ್ತ ಆ ಬಾಗಲಿಗೆ ಹೋಗ್ತೈತಿ. ಇಲ್ಲಂದ್ರ ನಿನ್ನಿಷ್ಟ."

ರಮಜಾನಬಿಗೆ ಸಿಟ್ಟು ನೆತ್ತಿಗೇರಿತು. ಜೊತೆಗೆ ಭಯವೂ ಆಯಿತು. ನಿನ್ನೆ ನಗೀನಾಗೆ ಅರೆಹೊಟ್ಟೆ ಹುಲ್ಲು. ಒಂದು ಏಟು ಹಾಕುವುದು ಏನು ದೊಡ್ಡ ಮಾತು? ಹಾಕಿಯೇಬಿಡೋಣ ಅಂತ ಕೈ ಬಿಗಿಯಾಯಿತು. ನಗೀನಾ ಕತ್ತು ತಿರುಗಿಸಿ ಅವಳ ಕೈಯನ್ನೇ ನೋಡುತ್ತಿತ್ತು.

"ನಿಮಗ ಹುಕುಂ ಬೇಕೇನ್ರಿ?" ಕೇಳಿದಳು.

"ಹೌದು."

"ಹುಕುಂ ಕೇಳೋರು ಶರತ್ತು ಹಾಕ್ತಾರೇನ್ರಿ?"

ಅಂಬಪ್ಪನವರು ಇಪ್ಪತ್ತು ವರ್ಷ ದಫ್ತರ ನೋಡಿದವರು. ಇದಕ್ಕೆ ಯಾವ ಉತ್ತರ ಬರೆಯಬಹುದೆಂದು ಯೋಚಿಸಿದರು.

"ಏಳ್ರಿ ಮ್ಯಾಲ," ಅಂದಳು.

ಎದ್ದರು.

"ಇವತ್ತ ಹಾಜಿಸಾಬರ ಮುಂದ ನಿಂತು ಹೇಳ್ರಿ. ರಮಜಾನಬಿ ಚಾಬೂಕು ಇಲ್ಲೀತನಕ ಯಾರಿಗೂ ಬಡದಿಲ್ಲ. ಕುದುರಿಗೂ ಬಡದಿಲ್ಲ. ನಾನ ಕೇಳಿದ್ರೂ ಬಡೀಲಿಲ್ಲ ಅಂತ ಹೇಳ್ರಿ."

"ಯವ್ವಾ! ಅದನ್ನ ಹೆಂಗ ಹೇಳ್ಲಿ?"

"ಕಡೀ ಮಾತು ಬಿಡ್ರಿ. ಉಳದದ್ದು ಹೇಳ್ರಿ. ಒಳಗ ಹೆಣ್ಮಕ್ಕಳಿಗೂ ಕೇಳೂಹಂಗ ಜೋರಾಗಿ ಹೇಳ್ರಿ. ಇದು ಹುಕುಂ."

"ಆತ್ರಿ," ಅಂದರು ಅಂಬಪ್ಪನವರು. ಅವಳಿಗೆ ಅವರು ರೀ ಹಚ್ಚಿದ್ದು ಅದೇ ಮೊದಲು. ಹಾಸಿದ್ದ ಕರವಸ್ತ್ರ ಮರೆತು ಗಾಡಿ ಹತ್ತಿದರು. ಮಸ್ಕಿ ಮುಟ್ಟಿ ತಿರುಗಿ ಬರುವವರೆಗೂ ಅವರ ಮುಖ ಹಬ್ಬದ ಊಟ ಮುಗಿಸಿದವರಂತಿತ್ತು.

ನಾಲ್ಕು ದಿನ ಯಾವ ಸುದ್ದಿಯೂ ಇಲ್ಲ. ಮುನ್ಷಿ ಮಾತು ತಪ್ಪಿದರು ಅಂದುಕೊಂಡಳು. ನಗೀನಾವನ್ನು ಮಾರುವುದಾದರೆ ಯಾರಿಗೆ ಮಾರಬೇಕೆಂಬ ಯೋಚನೆ ಬಂದು ಅತ್ತಳು ಕೂಡ. ಐದನೆಯ ದಿನ ಗುರುವಾರ. ಹಾಜಿಸಾಬರ ಹೆಂಡತಿ ಮಾಸುಂಬಿ ದರ್ಗಾಕ್ಕೆ ಹೋಗಬೇಕಂತೆ, ಗಾಡಿ ತರಬೇಕಂತೆ.

ಮುದುಕಿ ಹತ್ತಿ ಕುಳಿತಳು. ಪರದೆ ಬಿತ್ತು. ಗಾಡಿ ಬಜಾರಿನ ತಿರುವಿಗೆ ಬಂತು.

"ಮುನ್ಷಿ ಬಂದು ಒದರಿ ಹೇಳಿದ, ಒಳಗ ನಾವೆಲ್ಲಾ ಕೇಳಿದ್ವಿ," ಪರದೆಯ ಹಿಂದಿನಿಂದ ಬಂತು ದನಿ. "ಯಾರಿಗೂ ಬಡದಿಲ್ಲಂತ, ಖರೇನ?"

"ಖರೇ, ಅಮ್ಮಾ."

"ಆ ಟಾಕಿಯಾಗಿನ ಹೆಂಗಸು?"

"ನಾ ನೋಡಿಲ್ಲಮ್ಮಾ."

"ನಾನೂ ನೋಡಿಲ್ಲ. ನಮಗ್ಯಾರು ತೋರಸ್ತಾರ?" ಅಂದಳು ಮುದುಕಿ. ಎದುರಿಗೆ ಬಜಾರಿನ ಗದ್ದಲ ಶುರುವಾಗಿತ್ತು. ರಮಜಾನಬಿ ಚಾಬೂಕಿನ ಕೋಲನ್ನು ಗಾಲಿಯತ್ತ ಇಳಿಸಿದಳು.

"ತಡಿ. ಐವತ್ತು ವರ್ಷ ಈ ಸಪ್ಪಳ ಒಳಗ ಕುಂತು ಕೇಳೀನಿ. ಅದನ್ನ ಇಲ್ಲಿ ಕೊಡು."

ಪರದೆಯ ಸಂದಿಯಿಂದ ಮದರಂಗಿ ಮಾಸಿದ ಕೈಯೊಂದು ಹೊರಬಂತು. ರಮಜಾನಬಿ ಕೊಟ್ಟಳು. "ಸಡ್ಲ ಹಿಡೀರಿ ಅಮ್ಮಾ. ಬಿಗಿ ಹಿಡದ್ರ ಕೋಲು ಮುರೀತೈತಿ."

ಮೊದಲು ಒಂದು ಸಲ ಟಕ್ಕೆಂದಿತು. ಆಮೇಲೆ ಟರ್ರೆಂದು ಬಜಾರಿನುದ್ದ ಮೊಳಗಿತು. ಬೆನ್ನು ಬಗ್ಗಿಸಲು ಬಂದಿದ್ದ ಪಡ್ಡೆಗಳು ಹಾಜಿಸಾಬರ ಮನೆಯ ಪರದೆಯನ್ನು ಕಂಡು, ಅದರಿಂದ ಹೊರಬಂದ ಕೈಯನ್ನು ಕಂಡು ಗೋಡೆಗೆ ಅಂಟಿದರು. ಕಾಳಿನ ಅಂಗಡಿಯ ಮುಂದೆ ಅಂಬಪ್ಪನವರು ಕೊಡೆ ಮಡಚಿ ಚರಂಡಿಯ ಅಂಚಿಗೆ ಸರಿದು ನಿಂತರು. ರಮಜಾನಬಿ ಹಿಂದೆ ತಿರುಗಿ ನೋಡಲಿಲ್ಲ. ಖಾಲಿಯಾದ ಕೈಯನ್ನೂ ಲಗಾಮಿಗೆ ತಂದಳು. ನಗೀನಾ ಒಂದು ಕಿವಿ ಹಿಂದಕ್ಕೆ ಮಾಡಿ ಆ ಹೊಸ ಕೈಯ ಸದ್ದನ್ನು ಕೇಳುತ್ತ, ತನ್ನ ಎಂದಿನ ಹೆಜ್ಜೆಯಲ್ಲೇ ನಡೆಯಿತು.