ಕಾಲು ನೋಯುವ ಬೆಳಗು

ಬಲಗಾಲಿನ ಹಿಮ್ಮಡಿಯ ಕೆಳಗೆ ಹಾಸಿಗೆಯ ಮಡಿಕೆಯೊಂದು ಸಿಕ್ಕಿಕೊಂಡಿದೆ, ಹಗ್ಗದ ಹಾಗೆ ಒತ್ತುತ್ತಿದೆ, ಕಾಲು ತುಸು ಎತ್ತಿ ಸರಿಪಡಿಸಿಕೊಂಡರಾಯಿತು ಎಂದುಕೊಂಡಳು ಸುಮನ್, ಆದರೆ ಕಾಲು ಏಳಲಿಲ್ಲ. ಇನ್ನೊಮ್ಮೆ. ತೊಡೆಯೊಳಗೆ ಏನೋ ನಡುಗಿದಂತಾಗಿ ಅಲ್ಲೇ ಕುಸಿದು ಕೂತಿತು, ಕಾಲು ಏಳಲಿಲ್ಲ. ಹೊರಗೆ ಅತ್ತೆ ಶಿವವ್ವ ಅಂಗಳ ಗುಡಿಸುತ್ತಿರುವ ಸಪ್ಪಳ, ಗೋಕಾಕಕ್ಕೆ ಹೋಗುವ ಮೊದಲ ಬಸ್ಸಿನ ಹಾರ್ನು, ಮಗ್ಗುಲಲ್ಲಿ ಗಂಡ ಗುರುಪಾದನ ಜಾಗ ಖಾಲಿ, ಹಾಲು ತರಲು ಹೋಗಿರಬೇಕು, ಎಲ್ಲವೂ ದಿನದಂತೆಯೇ ಇದೆ — ಅಂದೂ ದಿನದಂತೆಯೇ ಇತ್ತಲ್ಲ, ಮೂರು ವರ್ಷದ ಹಿಂದಿನ ಆ ಬೆಳಿಗ್ಗೆ, ಸಾಲೆಯಲ್ಲಿ ಹುಡುಗಿಯರಿಗೆ ಖೋಖೋ ಆಡಿಸಬೇಕಿತ್ತು, ಪಿ.ಟಿ. ಟೀಚರಾದವಳೇ ತಡಮಾಡಿದರೆ ಹೇಗೆಂದು ದಡಬಡಿಸಿ ಹೊರಟಿದ್ದಳು, ನಳದ ತನಕ ಹೋದ ಮೇಲೆ ಶಿವವ್ವ ಕೂಗಿದ್ದರು, ಸುಮನ್, ಒಂದ ಚಪ್ಪಲಿ ಇಲ್ಲೇ ಬಿಟ್ಟ ಹೋಗೀಯಲ್ಲ, ನೋಡಿಕೊಂಡರೆ ಖರೆ, ಬಲಗಾಲು ಬರಿದಾಗಿತ್ತು, ಬರಿದಾಗಿದ್ದು ಕಾಲಿಗೇ ಗೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಎರಡೂ ಕಾಲು ಅವಳವಾಗಿ ಉಳಿದಿರಲಿಲ್ಲ. ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದರು, ಜ್ವರ ಬಂದು ಹೋದ ಮೇಲೆ ಕೆಲವರಿಗೆ ಹಿಂಗಾಗತೈತ್ರಿ, ಮೈ ಕಾಯಬೇಕಾದ ಶಕ್ತೀನ ನರದ ಮ್ಯಾಲೆ ತಿರುಗಿ ಬೀಳತೈತಿ, ಭಾಳ ಮಂದಿ ಎದ್ದು ಅಡ್ಡಾಡ್ತಾರ, ಆದರ ಟೈಮ್ ಹಿಡೀತೈತಿ. ಎಷ್ಟು ಟೈಮ್ರಿ? ಅದನ್ನ ಹೇಳಾಕ ಬರೂದಿಲ್ರಿ. ಈಗ ಮತ್ತೆ ಅದೇನಾ? ನಿನ್ನೆ ಸೈಕಲ್ಲು ಅಷ್ಟು ತುಳಿಯಬಾರದಿತ್ತೇನೋ, ಸಿಕ್ಕಿದ್ದನ್ನು ಹಟಕ್ಕೆ ಬಿದ್ದು ಕಳೆದುಕೊಂಡೆನೇ? ಗುರುಪಾದನನ್ನು ಕರೆಯಬೇಕು, ಬೇಡ, ಮೊದಲು ತಾನೇ ತಿಳಿದುಕೊಳ್ಳಬೇಕು.

ಹಟ ಹತ್ತಿಸಿದವಳು ಫಿರದೋಸ. ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವಳು, ಸೈಕಲ್ ರೇಸಿನಲ್ಲಿ ಸದಾ ಇವಳ ಹಿಂದಿನ ಗಾಲಿಗೆ ಅಂಟಿಕೊಂಡು ಬಂದು ಕೊನೆಗೆ ಮುಂದೆ ಹಾರುತ್ತಿದ್ದವಳು, ಈಗ ಹುಕ್ಕೇರಿಯಲ್ಲಿ ಸಂಸಾರ. ಬೇನೆಯ ದಿನಗಳಲ್ಲಿ ಫೋನು ಮಾಡಿದಾಗಲೆಲ್ಲ ಒಂದೇ ಮಾತು, ನಮ್ಮನಿಗಿ ಬಸ್ಸಿನಾಗ ಬಂದರ ಬಾಗಲಾ ತಗಿಯೂದಿಲ್ಲ ನೋಡ, ಸೈಕಲ್ ಮ್ಯಾಲೇ ಬರಬೇಕ. ಆಗ ಸುಮನ್ ನಕ್ಕಿರಲಿಲ್ಲ, ಫೋನು ಇಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಮೇಲೆ ಗೋಡೆ ಹಿಡಿದು ನಿಂತದ್ದು, ಆಮೇಲೆ ಪಾದ ಎಳೆಯುತ್ತ ನಡೆದದ್ದು, ಆಮೇಲೆ ಓಣಿಯಲ್ಲಿ ಗುರುಪಾದ ಸೀಟು ಹಿಡಿದುಕೊಂಡು ಓಡಿ ಬರುತ್ತಿರಲು ಸೈಕಲ್ಲು, ಮಕ್ಕಳೆಲ್ಲ ನೋಡಿ ನಗುತ್ತಿದ್ದರು, ನಗಲಿ — ನಿನ್ನೆ ತಮ್ಮೂರು ಮೂಡಲಗಿ ಬಿಟ್ಟಾಗ ಹೊಲಗಳ ಮೇಲೆ ಇನ್ನೂ ಮಂಜಿತ್ತು, ಗೋಕಾಕದ ತನಕ ಕಾಲು ಹಾಡಿಕೊಂಡೇ ಬಂದವು, ಹೊಳೆ ದಾಟುವಾಗ ಎದ್ದು ನಿಂತು ತುಳಿದಳು, ಹದಿನೇಳರ ಹುಡುಗಿಯ ಹಾಗೆ, ಅಲ್ಲಿಯೇ ಸೊಕ್ಕು ಬಂದದ್ದು. ಬೆಲ್ಲದ ಬಾಗೇವಾಡಿ ಇನ್ನೂ ದೂರವಿರುವಾಗಲೇ ಎದುರುಗಾಳಿ, ರಸ್ತೆ ಏರಿದ್ದು ಕಣ್ಣಿಗೆ ಕಾಣುವುದಿಲ್ಲ, ತೊಡೆಗೆ ಮಾತ್ರ ಗೊತ್ತಾಗುತ್ತದೆ, ಕಬ್ಬಿನ ಟ್ರ್ಯಾಕ್ಟರೊಂದು ಧೂಳೆಬ್ಬಿಸಿ ಮುಂದೆ ಹೋಯಿತು, ಮೊಣಕಾಲು ಥರಥರ ಎನ್ನತೊಡಗಿದವು, ಇಳಿದಳು. ಇಳಿದಳೋ ಬಿದ್ದಳೋ. ಬದುವಿನ ಮೇಲೆ ಕೂತಿದ್ದ ಮುದುಕನೊಬ್ಬ ಕೇಳಿದ, ಚೈನ್ ಬಿಟ್ಟೈತೇನ ಯವ್ವಾ? ಇಲ್ಲ ಕಾಕಾ, ಕಾಲ ಬಿಟ್ಟಾವು. ಮುದುಕ ನಗಲಿಲ್ಲ, ತನ್ನ ನೀರಿನ ಕೊಡವನ್ನು ಇವಳತ್ತ ಸರಿಸಿದ, ಹಂಗಾರ ಕುಂದರ, ಕಾಲ ತಿರುಗಿ ಬರೂತನಕ ಕುಂದರ, ಗಡಬಡಿ ಏನೈತಿ. ಹೆಸರು ಕೇಳಿದಳು, ಸತ್ತೆಪ್ಪ ಅಂದ. ಇವಳ ಕಿಸೆಯಲ್ಲಿದ್ದ ಕರದಂಟನ್ನು ಇಬ್ಬರೂ ಹಂಚಿಕೊಂಡು ತಿಂದರು, ಹಲ್ಲಿಲ್ಲದ ಬಾಯಲ್ಲಿ ಅವನು ಅದನ್ನು ಚೀಪುತ್ತ ಎಷ್ಟೋ ಹೊತ್ತು ಕೂತ, ಯಾವ ಊರು, ಯಾಕೆ ಹೊರಟಿ, ಒಬ್ಬಳೇ ಯಾಕೆ, ಒಂದನ್ನೂ ಕೇಳಲಿಲ್ಲ. ಫೋನು ತೆಗೆದು ಗುರುಪಾದನಿಗೆ ಗಾಡಿ ತರಲು ಹೇಳಬೇಕೆಂದಿದ್ದವಳು ಹೇಳಲಿಲ್ಲ. ಕಾಲು ತಿರುಗಿ ಬಂದವು. ಹುಕ್ಕೇರಿಯ ಓಣಿಯ ತಿರುವಿನಲ್ಲಿ ಫಿರದೋಸ ನಿಂತಿದ್ದಳು, ದುಪಟ್ಟಾ ಬೀಸುತ್ತ, ಅಳುತ್ತ, ಬೈಯುತ್ತ, ಎಷ್ಟ ಹೊತ್ತ ಮಾಡಿದ್ಯೇ, ರೇಸಿನಾಗ ಹಿಂಗ ಬಂದಿದ್ರ ಮಂದಿ ಮನಿಗಿ ಹೋಗಿರ್ತಿದ್ರು! ಊಟವಾದ ಮೇಲೆ ಗುರುಪಾದ ಬಂದು ಸೈಕಲ್ಲನ್ನೂ ಹೆಂಡತಿಯನ್ನೂ ಗಾಡಿಗೆ ಏರಿಸಿಕೊಂಡ. ಹೊರಡುವಾಗ ಫಿರದೋಸ ಕಿಟಕಿಗೆ ಬಾಗಿ ಹೇಳಿದಳು, ನಾಳೆ ನೋಯತಾವ, ನಾಡಿದ್ದ ಇನ್ನೂ ಜಾಸ್ತಿ ನೋಯತಾವ, ಅಂಜಬ್ಯಾಡ, ಹುಡುಗ್ಯಾರಿದ್ದಾಗ ಒಂದ ರಾತ್ರಿ ನಿದ್ದಿ ಮಾಡಿದ್ರ ಮುಗೀತಿತ್ತ, ಈಗ ನಮಗ ವಾರ ಬೇಕ.

ಅಂಜಬೇಡ ಅಂದಿದ್ದಳು, ಆದರೂ ಅಂಜಿಕೆ. ನೋವೆಲ್ಲಿದೆ, ಬರೀ ಭಾರ, ನೆನೆದ ಚೀಲದಂಥ ಭಾರ — ಬಾಗಿಲಲ್ಲಿ ಶಿವವ್ವ, ಕೈಯಲ್ಲಿ ಕುಸುಬಿ ಎಣ್ಣೆಯ ಬಟ್ಟಲು, ಯಾಕ ಎದ್ದಿಲ್ಲ ಇನ್ನೂ? ಸೊಸೆಯ ಮುಖ ನೋಡಿದೊಡನೆ ಶಿವವ್ವನಿಗೂ ತಿಳಿಯಿತು, ಬಟ್ಟಲು ನೆಲಕ್ಕಿಟ್ಟು ಕಾಲಬುಡದಲ್ಲಿ ಕೂತರು. ಈ ಹೆಂಗಸೇ ಅಲ್ಲವೇ ಮದುವೆಯಾಗಿ ಬಂದ ಹೊಸತರಲ್ಲಿ ಸೈಕಲ್ಲನ್ನು ಅಟ್ಟಕ್ಕೆ ಹಾಕಿಸಿದ್ದು, ಸೊಸಿ ಪ್ಯಾಂಟ್ ಹಾಕ್ಕೊಂಡ ರಸ್ತೆಕ್ಕ ಹೋದರ ಮಂದಿ ಏನಂದಾರ ಅಂದಿದ್ದು, ಎರಡು ವರ್ಷ ಇಬ್ಬರ ನಡುವೆ ಬರೀ ಅಡುಗೆಯ ಉಪ್ಪು ಖಾರದ ಮಾತು. ಈ ಹೆಂಗಸೇ ಬೇನೆಯಲ್ಲಿ ದಿನಾ ಬೆಳಿಗ್ಗೆ ಇದೇ ಜಾಗದಲ್ಲಿ ಕೂತು ಒಂದೊಂದೇ ಬೆರಳಿಗೆ ಎಣ್ಣೆ ತಿಕ್ಕಿ ಒತ್ತಿ ಕೇಳುತ್ತಿದ್ದುದು, ಗೊತ್ತಾಗತೈತೇನವಾ? ಇಲ್ರಿ. ಈಗ? ಇಲ್ರಿ. ಒಂದು ದಿನ ಆ ಮುಖ ನೋಡಲಾಗದೆ ಸುಮನ್ ಹೂಂ ಅಂದುಬಿಟ್ಟಳು, ಗೊತ್ತಾತ್ರಿ ಅತ್ತೀ. ಶಿವವ್ವ ಮೆಲ್ಲಗೆ, ನಾ ಇನ್ನೂ ಕೈ ಹಚ್ಚೇ ಇಲ್ಲ ಮಗಳ. ಅಷ್ಟೇ ಅಂದು ಮುಂದಿನ ಬೆರಳಿಗೆ ಎಣ್ಣೆ ಹಚ್ಚಿದ್ದರು. ಸೊಸೆಯನ್ನು ಮಗಳು ಎಂದದ್ದು ಅಂದೇ ಮೊದಲು. ಅಟ್ಟದಿಂದ ಸೈಕಲ್ಲು ಇಳಿಸಲು ಗುರುಪಾದನಿಗೆ ಹೇಳಿದ್ದೂ ಇವರೇ, ಇಳಿಸಿ ಒರಸಿ ಇಡೋ, ಆಕಿ ಕಣ್ಣಿಗೆ ಕಾಣುವಂಗ ಇಡೋ. ಈಗ ಆ ಕೈ ಮೀನಖಂಡವನ್ನು ಹಿಡಿದು ಹಿಂಡಿತು — ಅಯ್ಯಯ್ಯಯ್ಯೋ ಅತ್ತೀ, ಬಿಡ್ರಿ, ಸತ್ನಿ! ಬೆಂಕಿ ಹಚ್ಚಿದ ಹಾಗೆ ನೋವು ಮೊಣಕಾಲು ಹತ್ತಿ ತೊಡೆಯ ತನಕ ಓಡಿತು, ಎಷ್ಟು ಚೆಂದದ ನೋವು, ತನ್ನದೇ ಕಾಲಿನ ಸ್ವಂತ ನೋವು, ಬಾಯಲ್ಲಿ ಅಯ್ಯೋ, ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಶಿವವ್ವ ನಂಬಲಿಲ್ಲ. ಖರೇನ ಬ್ಯಾನಿ ಆತೋ, ನನ್ನ ಮಾರಿ ನೋಡಿ ಅನ್ನಾಕತ್ತೀಯೋ? ಸೆರಗು ತೆಗೆದು ಸೊಸೆಯ ಕಣ್ಣಿಗೆ ಹೊದಿಸಿದರು, ಈಗ ಹೇಳ. ಸೆರಗಿನಲ್ಲಿ ಒಲೆಯ ಹೊಗೆಯ ವಾಸನೆ, ಸಬ್ಬಸಿಗೆಯ ವಾಸನೆ. ಇದ್ಯಾವ ಬೆರಳ? ಕಿರಿಬೆರಳ್ರಿ. ಇದು? ಹೆಬ್ಬೆರಳ. ಇದು? ಅತ್ತೀ, ನೀವು ಒತ್ತೇ ಇಲ್ರಿ. ಸೆರಗು ಸರಿಸಿ ನೋಡಿದರೆ ಶಿವವ್ವ ಎರಡೂ ಕೈಯಲ್ಲಿ ಅವಳ ಪಾದ ಹಿಡಿದುಕೊಂಡು ಕೂತಿದ್ದಾರೆ, ಕಣ್ಣು ತುಂಬಿಕೊಂಡೇ ನಗುತ್ತಿದ್ದಾರೆ. ಹಾಲಿನ ಪಾತ್ರೆಯೊಂದಿಗೆ ಬಂದ ಗುರುಪಾದ ಹೊಸ್ತಿಲಲ್ಲೇ ನಿಂತ, ಏನಾತ ಬೇ? ಆಕಿ ಕಾಲ ನೋಯಾಕತ್ತಾವಂತೋ! ಹಂಗಾರ ಇಬ್ರೂ ಯಾಕ ನಗಾಕತ್ತೀರಿ?

ಬಿಸಿನೀರಿಗೆ ಉಪ್ಪು ಹಾಕಿ ಅಂಗಳದಲ್ಲಿ ಅಗಲವಾದ ಬೋಗುಣಿ ಇಟ್ಟಿದ್ದಾರೆ, ಗಂಡನ ಹೆಗಲಿಗೆ ಜೋತುಬಿದ್ದು ಒಂದೊಂದು ಮೆಟ್ಟಿಲಿಗೂ ಯಪ್ಪಾ ಎನ್ನುತ್ತ ಸುಮನ್ ಇಳಿದಳು, ಕುರ್ಚಿಯಲ್ಲಿ ಕೂತು ಪಾದ ಮುಳುಗಿಸಿದಳು, ಸುಡುತ್ತದೆ, ಸುಡುವುದೂ ಗೊತ್ತಾಗುತ್ತದೆ, ಗೊತ್ತಾಗುವುದಕ್ಕೆ ಯಾರಿಗೆಲ್ಲ ಕೈ ಮುಗಿಯಬೇಕು, ಸತ್ತೆಪ್ಪ ಕಾಕಾನ ನೀರಿನ ಕೊಡಕ್ಕೆ, ಫಿರದೋಸಳ ಬೈಗುಳಕ್ಕೆ, ಹೇಳಾಕ ಬರೂದಿಲ್ರಿ ಎಂದು ಸುಳ್ಳು ಹೇಳದೆ ಹೇಳಿದ ಡಾಕ್ಟರಿಗೆ, ಸೀಟು ಹಿಡಿದು ಓಡಿ ಓಡಿ ದಮ್ಮು ಹತ್ತಿಸಿಕೊಂಡ ಈ ಮನುಷ್ಯನಿಗೆ — ಎಷ್ಟ ದಿನಾ ಇರತೈತಿ ಈ ನೋವು, ಗುರುಪಾದ ಕೇಳುತ್ತಾನೆ. ಒಂದ ವಾರಂತ. ಸಾಲಿಗಿ ರಜಾ ಹಾಕ ಮತ್ತ. ಹಾಕೂದಿಲ್ರಿ, ಕುಂಟಕೋತನ ಹೋಗ್ತೇನಿ, ಹುಡುಗ್ಯಾರು ಕೇಳಲಿ, ಏನಾತ್ರಿ ಟೀಚರ್ ಅಂತ ಕೇಳಲಿ, ಹೇಳ್ತೇನಿ. ವಾರ ಇರಲಿ, ಬೇಕಾದರೆ ಇನ್ನೆರಡು ದಿನ ಹೆಚ್ಚೇ ಇರಲಿ. ನೀರು ಆರಿತು, ಎದ್ದಳು, ಯಾರ ಕೈಯನ್ನೂ ಹಿಡಿಯದೆ ಹಾಸುಗಲ್ಲಿನ ಮೇಲೆ ಒಂದು ಹೆಜ್ಜೆ, ಇನ್ನೊಂದು, ಕಟ್ಟೆಯ ತನಕ ಹೋಗಿ ಉಸ್ಸೆಂದು ಕೂತು ಹಿಂದಿರುಗಿ ನೋಡಿದಳು. ಒಣಗಿದ ಕರಿಗಲ್ಲಿನ ಮೇಲೆ ಒದ್ದೆ ಹೆಜ್ಜೆ. ಎಲ್ಲೂ ಎಳೆದ ಗೀರಿಲ್ಲ. ಶಿವವ್ವ ನೆಲ ಒರಸುವ ಅರಿವೆ ಹಿಡಿದು ಬಂದವರು ಹೆಜ್ಜೆಗಳ ಹತ್ತಿರ ನಿಂತರು, ಬಾಗಿ ನೋಡಿದರು, ಒರಸದೆ ಬದಿಗೆ ಸರಿದು ಸುತ್ತುಹಾಕಿಕೊಂಡು ಹೋದರು. ಬಿಸಿಲು ಬಂತು, ಅಂಚಿನಿಂದ ಒಣಗುತ್ತಿವೆ, ಒದ್ದೆ ಹೆಜ್ಜೆ, ಹಿಮ್ಮಡಿ, ಪಾದ, ಒದ್ದೆ ಹೆಜ್ಜೆ, ಐದು ಬೆರಳು, ಐದಕ್ಕೆ ಐದೂ.