ಕಾರಿನ ಆ ಕಡೆ

ಪೆಟ್ರೋಲು ಬೇಡದ ಕಾರನ್ನು ಯಾರು ಮೊದಲು ಬೀದಿಗಿಳಿಸುತ್ತಾರೆ ಎಂದು ಊರಿನ ಎರಡು ಕಂಪನಿಗಳು ಜಿದ್ದಿಗೆ ಬಿದ್ದಿದ್ದ ಕಾಲ. ಅವುಗಳಲ್ಲೊಂದರ ಮೇಲ್ಮಹಡಿಯಲ್ಲಿ ಇಬ್ಬರು ಮಣ್ಣು ಕೆತ್ತುತ್ತಿದ್ದರು. ತಗಡಿನ ಕಾರು ಹುಟ್ಟುವ ಮೊದಲು ಅಷ್ಟೇ ದೊಡ್ಡದೊಂದು ಮಣ್ಣಿನ ಕಾರು ಹುಟ್ಟಬೇಕು. ಮೇಣ ಬೆರೆಸಿದ ಕಂದು ಮಣ್ಣನ್ನು ಒಲೆಯಲ್ಲಿ ಬೆಚ್ಚಗೆ ಮಾಡಿ, ಮೆತ್ತಿ, ಗಟ್ಟಿಯಾದ ಮೇಲೆ ಉಕ್ಕಿನ ಪಟ್ಟಿಯಿಂದ ಹೆರೆಯುವ ಕೆಲಸ ಅದು. ಬಲಮಗ್ಗುಲು ಅವಳದು, ಆಫೀಸಿನವರೆಲ್ಲ ಅವಳನ್ನು ಕುಂಬಾರ್ತಿ ಎನ್ನುತ್ತಿದ್ದರು. ಎಡಮಗ್ಗುಲು ಅವನದು; ಎಡಗೈಯಲ್ಲೇ ಹೆರೆಯುತ್ತಿದ್ದುದರಿಂದ ಅವನು ಎಡಚ.

ದಿನವಿಡೀ ಇಬ್ಬರ ನಡುವೆ ಒಂದು ಕಾರು ಇರುತ್ತಿತ್ತು. ಮಾತು ಅದರ ನೆತ್ತಿಯ ಮೇಲಿಂದ ಹಾದು ಬರುತ್ತಿತ್ತು.

"ನಿನ್ನ ಬಾಗಿಲು ಹೊಟ್ಟೆ ಬಿಟ್ಟಿದೆ ಕಣೇ."

"ನಿಂದು ಉಪವಾಸ ಬಿದ್ದಿದೆ. ಮೊದಲು ಅದಕ್ಕೆ ಊಟ ಹಾಕು."

ಹಿಂದಿನ ಚಕ್ರದ ಮೇಲೆ ಕಾರಿನ ಮೈ ಉಬ್ಬಿ ಇಳಿಯುವ ಏರು ಇಬ್ಬರನ್ನೂ ಬಹಳ ಕಾಲ ಸತಾಯಿಸಿತು. ಕೊನೆಗೆ ಅದು ಅವಳ ಕೈಗೆ ಒಲಿಯಿತು. ಎಡಚ ಈ ಕಡೆ ಬಂದು, ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿದ. ಆಮೇಲೆ ತನ್ನ ಮಗ್ಗುಲಿಗೆ ಹೋಗಿ, ತಾನು ಮಾಡಿದ್ದನ್ನೆಲ್ಲ ಕೆರೆದುಹಾಕಿ, ಅವಳದರ ಹಾಗೆಯೇ ಹೊಸದಾಗಿ ಮೆತ್ತತೊಡಗಿದ. ಅದಕ್ಕಿಂತ ದೊಡ್ಡ ಮೆಚ್ಚುಗೆ ಅವಳಿಗೆ ಯಾರಿಂದಲೂ ಸಿಕ್ಕಿರಲಿಲ್ಲ.

ಆದರೆ ಆ ಕಾರು ಹುಟ್ಟಲೇ ಇಲ್ಲ. ಬ್ಯಾಟರಿಯ ಬೆಲೆ ಕೇಳಿ ಮೇಲಿನವರ ಎದೆ ಧಸಕ್ಕೆಂದಿತು. ಪೂರ್ತಿ ಕರೆಂಟಿನ ಉಸಾಬರಿ ಸದ್ಯಕ್ಕೆ ಬೇಡ, ಅರ್ಧ ಪೆಟ್ರೋಲು ಅರ್ಧ ಕರೆಂಟಿನ ಹೈಬ್ರಿಡ್ ಸಾಕು ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಣ್ಣು ಮತ್ತೆ ಒಲೆ ಸೇರಿತು. ಅದೇ ವಾರ ಎಡಚ ಎದುರಾಳಿ ಕಂಪನಿಗೆ ಹೊರಟು ನಿಂತ.

"ನೀನೂ ಬಾ," ಎಂದ. "ಅಲ್ಲಿ ಪೂರ್ತಿ ಕರೆಂಟಿನದೇ ಮಾಡ್ತಾರಂತೆ."

"ಕಾರಿಗೋಸ್ಕರ ಬರಬೇಕಾ?"

ಅವನು ಉಕ್ಕಿನ ಪಟ್ಟಿಯನ್ನು ಒರೆಸಿ ಚೀಲಕ್ಕೆ ಸೇರಿಸಿದ. "ಮತ್ತೆ ಇನ್ಯಾತಕ್ಕೆ?"

ಅವಳು ಬೇರೆ ಉತ್ತರ ಬಯಸಿದ್ದಳು. "ಹಾಗಾದ್ರೆ ಇಲ್ಲೇ ಇರ್ತೀನಿ," ಎಂದಳು.

ಎದುರಾಳಿಗಳ ಜೊತೆ ಕೆಲಸದ ಮಾತಾಡಬಾರದೆಂದು ಇಬ್ಬರೂ ತಂತಮ್ಮ ಕಂಪನಿಗೆ ಸಹಿ ಹಾಕಿಕೊಟ್ಟಿದ್ದರು. ಕೆಲಸ ಬಿಟ್ಟರೆ ಅವರಿಗೆ ಬೇರೆ ಮಾತು ಬರುತ್ತಿರಲಿಲ್ಲ. "ಊಟ ಆಯ್ತಾ?", "ಆಯ್ತು, ನಿಂದು?" ಎಂಬಲ್ಲಿಗೆ ಫೋನು ಸೊರಗಿ, ಒಂದು ದಿನ ನಿಂತೇ ಹೋಯಿತು. ಎಡಮಗ್ಗುಲಿಗೆ ಒಂದು ಯಂತ್ರ ಬಂತು. ಅವಳು ಕೆತ್ತಿದ್ದನ್ನು ಅಳೆದು ಆ ಕಡೆ ಪಡಿಯಚ್ಚು ಕೊರೆಯುತ್ತಿತ್ತು. ಅದು ಎಂದೂ ತಕರಾರು ತೆಗೆಯಲಿಲ್ಲ.

ಕೆಲವು ವರ್ಷಗಳಾದ ಮೇಲೆ ಎದುರಾಳಿಗಳ ಕಾರು ಬೀದಿಗಿಳಿಯಿತು. ಮುಖ್ಯಸ್ಥರು ಅವಳನ್ನು ಕರೆಸಿ ಫೋಟೋ ಮುಂದಿಟ್ಟರು.

"ಹಿಂದಿನ ಚಕ್ರದ ಮೇಲೆ ನೋಡಿ. ನಿಮ್ಮ ಏರೇ ಅಲ್ವಾ ಇದು? ನಮ್ಮಲ್ಲಿದ್ದವನೇ ಅಲ್ಲಿದಾನೆ. ವಕೀಲರಿಗೆ ಹೇಳೋ ಮುಂಚೆ ನೀವೊಂದ್ಸಲ ಮುಟ್ಟಿ ನೋಡಿ ಬನ್ನಿ. ಸುಮ್ಮನೆ ಯಾರ ಮೇಲೂ ಗೂಬೆ ಕೂರಿಸೋದು ಬೇಡ."

ಅವನಿಗೇನಾಗುವುದೋ ಎಂದು ಅವಳಿಗೆ ಹೆದರಿಕೆಯಾಗಬೇಕಿತ್ತು. ಆದದ್ದು ಆಸೆ. ತನ್ನ ಏರನ್ನು ಅವನು ಇಷ್ಟು ವರ್ಷ ಅಂಗೈಯಲ್ಲಿ ಇಟ್ಟುಕೊಂಡಿದ್ದನೇ?

ಕೊಳ್ಳುವವರ ಹಾಗೆ ಕಾಣಲೆಂದು ಅಕ್ಕನನ್ನು ಕರೆದುಕೊಂಡು ಶೋರೂಮಿಗೆ ಹೋದಳು. ಅಕ್ಕ ಪಾತ್ರದಲ್ಲಿ ಮುಳುಗಿಯೇ ಹೋದಳು.

"ದಾರೀಲಿ ಚಾರ್ಜು ಮುಗಿದ್ರೆ ಯಾರಮ್ಮ ತಳ್ಳೋದು? ನಮ್ಮನೆಯವರಿಗೆ ಸೊಂಟ ನೋವು."

ಮಾರುವ ಹುಡುಗಿ ನಗುತ್ತ ಉತ್ತರಿಸುತ್ತಿದ್ದಾಗ, ಇವಳು ಹಿಂದಕ್ಕೆ ಸರಿದು ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಏರು ಹತ್ತಿತು. ಅವಳದು ಇಳಿಯಬೇಕಾದಲ್ಲಿ ಇದು ಇನ್ನೂ ಹತ್ತಿತು. ಅವಳದು ತಡೆದು ನಿಲ್ಲುವಲ್ಲಿ ಇದು ಸರ್ರನೆ ಜಾರಿ ಬಂಪರು ಸೇರಿತು. ಇನ್ನೊಮ್ಮೆ ಸವರಿದಳು. ಆ ಕಡೆಗೂ ಹೋಗಿ ಸವರಿದಳು. ಚೆನ್ನಾಗಿತ್ತು. ಅವಳದಾಗಿರಲಿಲ್ಲ.

"ಮುಖ ಯಾಕೆ ಹಾಗಾಯ್ತು?" ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು. "ಕದ್ದಿದಾನಾ?"

"ಇಲ್ಲ."

"ಒಳ್ಳೇದೇ ಆಯ್ತಲ್ಲ ಮತ್ತೆ!"

"ಕದ್ದಿದ್ರೆ ಚೆನ್ನಾಗಿತ್ತು, ಅಕ್ಕಾ."

ಅಕ್ಕ ನಡೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. ತಮಾಷೆಯೆಲ್ಲ ಇಳಿದುಹೋಗಿತ್ತು. "ಬೀದಿಗೆ ಬಂದಿರೋ ಕಾರಿನ ಬಗ್ಗೆ ಮಾತಾಡೋಕೆ ಯಾರ ಅಪ್ಪಣೆ ಬೇಕೇ? ಫೋನ್ ಮಾಡು," ಎಂದಳು.

ಮರುದಿನ ಅವಳು ಮುಖ್ಯಸ್ಥರಿಗೆ, "ನಮ್ಮದಲ್ಲ ಸರ್," ಎಂದಳು. ಅವರು ಅವಳ ಮುಖವನ್ನೊಮ್ಮೆ ನೋಡಿ, ಫೋಟೋವನ್ನು ಮೇಜಿನ ಖಾನೆಗೆ ಹಾಕಿದರು. ವಕೀಲರ ಮಾತು ಅಲ್ಲಿಗೆ ಮುಗಿಯಿತು.

ಸಂಜೆ ಬಸ್ಸಿಳಿದು ಮನೆಯ ದಾರಿಯಲ್ಲಿ ಫೋನು ಮಾಡಿದಳು. ಎಡಚ ಎತ್ತಿದ.

"ನಿಮ್ಮ ಕಾರು ನೋಡಿದೆ. ಹಿಂದಿನ ಏರು ಚೆನ್ನಾಗಿ ಬಂದಿದೆ ಕಣೋ."

"ಅದಕ್ಕೆ ನಾನು ಕೈಯೇ ಹಚ್ಚಿಲ್ಲ," ಎಂದ. "ಹೊರಗಿನದೆಲ್ಲ ಬೇರೆಯವರು ಮಾಡಿದ್ದು. ನನ್ನನ್ನ ಒಳಗಿನ ಕೆಲಸಕ್ಕೆ ಹಾಕಿದ್ರು. ಬಾಗಿಲು ಎಳ್ಕೊಳ್ಳೋ ಹಿಡಿ ಇದೆಯಲ್ಲ, ಅದು ನಂದು. ನೋಡಿದ್ಯಾ?"

ಅವಳು ಬಾಗಿಲನ್ನೇ ತೆಗೆದಿರಲಿಲ್ಲ.

"ನೋಡಿ ಹೇಳು," ಎಂದ. "ಇಲ್ಲಿ ಎಲ್ರೂ ಚೆನ್ನಾಗಿದೆ ಅಂತಾರೆ. ಆ ಕಡೆ ನಿಂತು ಬಯ್ಯೋರು ಯಾರೂ ಇಲ್ಲ."

ಭಾನುವಾರ ಅವಳು ಒಬ್ಬಳೇ ಹೋದಳು. ಕಾರಿನೊಳಗೆ ಕೂತು ಬಾಗಿಲೆಳೆದುಕೊಂಡಳು. ಹಿಡಿಯ ಒಳಬದಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಬೆರಳುಗಳಿಗೆಂದು ಸಣ್ಣ ತಗ್ಗುಗಳಿದ್ದವು. ಅವಳ ಬೆರಳು ಅಲ್ಲಿ ಹೋಗಿ ಕೂತವು. ಯಾರ ಬೆರಳಾದರೂ ಕೂರುತ್ತಿದ್ದವು. ಹಾಗೆ ಕೂರಲೆಂದೇ ಮಾಡಿದ್ದು. ಅದು ಗೊತ್ತಿದ್ದೂ ಅವಳು ಕೈ ತೆಗೆಯಲಿಲ್ಲ. ಹೊರಗಿನ ಗದ್ದಲವೆಲ್ಲ ಗಾಜಿನಾಚೆ ಉಳಿದಿತ್ತು. ಕಾರು ನೋಡಲು ಬಂದ ದಂಪತಿ ಗಾಜು ತಟ್ಟಿದಾಗಲೇ ಅವಳು ಇಳಿದದ್ದು.

ಶೋರೂಮಿನ ಮೆಟ್ಟಿಲ ಮೇಲೆ ನಿಂತು ಮತ್ತೆ ಫೋನು ಮಾಡಿದಳು.

"ಕಿರುಬೆರಳಿಗೆ ಜಾಗ ಸಾಲದು," ಎಂದಳು.

ಆ ತುದಿಯಲ್ಲಿ ಅವನು ಜೋರಾಗಿ ನಕ್ಕ. ನಕ್ಕು ಮುಗಿದ ಮೇಲೂ ಯಾರೂ ಫೋನು ಇಡಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನನ್ನು ಯಾರೋ ಕೂಗಿದರು.

"ಆಮೇಲೆ ಮಾಡ್ತೀನಿ," ಎಂದ.

"ಮಾಡು," ಎಂದಳು. ಎದುರಿನ ನಿಲ್ದಾಣಕ್ಕೆ ಅವಳ ಬಸ್ಸು ಬಂದು ನಿಂತಿತು. ಅವಳು ಅದನ್ನು ಹೋಗಲು ಬಿಟ್ಟು, ಮನೆಯ ಕಡೆ ನಡೆದೇ ಹೊರಟಳು, ಫೋನನ್ನು ಚೀಲಕ್ಕೆ ಹಾಕದೆ.