ಮೊದಲ ಚಿಪ್ಪು

"ರೊಜಾರಿಯೊ ಬರೂದಿಲ್ಲಂತ. ಚಳಿಜ್ವರ ಬಂದು ಮಲಗ್ಯಾನ."

ಈಶಪ್ಪ ಬಂದು ಹೀಗೆ ಹೇಳಿದಾಗ ಜುಜೆಯ ಎದೆ ಧಸಕ್ಕೆಂದಿತು. ರೊಜಾರಿಯೊನ ಮೇಲಿನ ಮಮತೆಯಿಂದಲ್ಲ. ಅವನು ಬಂದು ಲದಿನ್ ಹಾಡಿ ಮುಗಿಸದೆ ಗೋಡಂಬಿ ಸೆರೆಯ ಗಡಿಗೆಯ ಬಾಯಿ ಬಿಚ್ಚುವುದಿಲ್ಲ, ಅದಕ್ಕೆ.

ಹಳಿಯಾಳದ ಕಾಡಂಚಿನ ಆ ಸಿದ್ದಿ ಕೇರಿಯಲ್ಲಿ ಮೇ ತಿಂಗಳ ಪದ್ಧತಿ ಅದು. ಹೊತ್ತು ಮುಳುಗುವಾಗ ಮತ್ತಿಮರದ ಕೆಳಗಿನ ಶಿಲುಬೆಗೆ ಹೂವಿನ ಸರ ಹಾಕಬೇಕು. ಒಬ್ಬ ಲದಿನ್, ಅಂದರೆ ದೇವಮಾತೆಯ ಸ್ತುತಿ, ಹಾಡಬೇಕು, ಅವನ ಒಂದೊಂದು ಸಾಲಿಗೂ ಉಳಿದವರು "ನಮಗಾಗಿ ಬೇಡಿಕೋ ತಾಯಿ" ಎನ್ನಬೇಕು. ಆಮೇಲೆ ಕಡಲೆ ಗುಗ್ಗರಿ, ತೆಂಗಿನ ಚಿಪ್ಪಿನಲ್ಲಿ ಸೆರೆ. ಮೊದಲ ಚಿಪ್ಪು ಹಾಡಿದವನಿಗೆ. ಅವನು ತುಟಿಗೆ ಹಚ್ಚುವ ತನಕ ಬೇರೆ ಯಾರೂ ಕುಡಿಯುವಂತಿಲ್ಲ. ದೇವರನ್ನೂ ಹೊಟ್ಟೆಯನ್ನೂ ಒಂದೇ ಹಗ್ಗದಲ್ಲಿ ಕಟ್ಟಿಟ್ಟ ಹಿರಿಯರು ಜಾಣರೇ ಸೈ.

ಜುಜೆ ಪ್ರತಿವರ್ಷ ಸರಿಯಾಗಿ ಗುಗ್ಗರಿಯ ಹೊತ್ತಿಗೆ ಬರುವವನು. ಈ ಸಲ ಬೇಗ ಬಂದು ಗಡಿಗೆಯ ಪಕ್ಕದಲ್ಲೇ ಕೂತಿದ್ದ. ನಿನ್ನೆಯಿಂದ ಒಂದು ಹನಿಯೂ ಸಿಕ್ಕಿರಲಿಲ್ಲ. ಅಂಥ ಸೆಕೆಯಲ್ಲೂ ಮೈ ನಡುಗುತ್ತಿತ್ತು. ಬೆರಳುಗಳನ್ನು ಬಗಲಲ್ಲಿ ಒತ್ತಿಕೊಂಡು ಕೂತಲ್ಲಿ ಕೂರಲಾರದೆ ಮಿಸುಕಾಡುತ್ತಿದ್ದ.

ಎದುರಿಗೆ ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ಕಾತರಿನಾ ಕೂತಿದ್ದಳು. ತೊಡೆಯ ಮೇಲೆ ಕೌದಿಯಲ್ಲಿ ಕಟ್ಟಿದ ಗಂಟು. ನಸುಕಿಗೆ ಕ್ಯಾಸಲ್‌ರಾಕ್‌ಗೆ, ರೈಲ್ವೆ ಗ್ಯಾಂಗಿನಲ್ಲಿದ್ದ ಅಣ್ಣನ ಮನೆಗೆ ಹೊರಡುವವಳು. ತಿರುಗಿ ಬರುವುದಿಲ್ಲವೆಂದೂ ಹೇಳಿದ್ದಳು. ಗಂಟು ಮನೆಯಲ್ಲಿ ಬಿಟ್ಟರೆ ಅದರೊಳಗಿನ ಹಿತ್ತಾಳೆ ತಂಬಿಗೆ ಸೆರೆ ಅಂಗಡಿ ಸೇರುತ್ತದೆಂದು ಪ್ರಾರ್ಥನೆಗೂ ಹೊತ್ತು ತಂದಿದ್ದಳು. ಶಿಲುಬೆ ಮುಟ್ಟಿ ಅವನಿಟ್ಟ ಆಣೆಗಳು ಕೇರಿಯಲ್ಲಿ ನಗೆಯ ಮಾತಾಗಿದ್ದವು.

ಕುಡಿತಕ್ಕಿಂತ ಅವಳನ್ನು ಹೆದರಿಸಿದ್ದು ಕುಡಿಯದ ದಿನಗಳು. ಗೋಡೆಗೆ ಮುಖ ಮಾಡಿ ಮಲಗಿದನೆಂದರೆ ಕೂಲಿಗೂ ಏಳುವುದಿಲ್ಲ, ಊಟಕ್ಕೂ ಏಳುವುದಿಲ್ಲ. "ಏನಾಗೇತ್ರಿ?" ಎಂದರೆ, "ಏನಿಲ್ಲ. ಒಳಗ ಏನೂ ಇಲ್ಲ" ಎನ್ನುತ್ತಿದ್ದ. ಒಮ್ಮೆ ಹೊಳೆಯ ಮಡುವಿನ ದಂಡೆಯಿಂದ ಅವನನ್ನು ಎಳೆದು ತಂದವಳೂ ಅವಳೇ.

ಹೀಗೆ ಗೋಡೆಗೆ ತಿರುಗಿ ಮಲಗುವುದು ಶುರುವಾದದ್ದು ಅಪ್ಪ ಸತ್ತ ಮೇಲೆ. ಅಪ್ಪ ಈ ಕೇರಿಯ ಲದಿನ್ ಹಾಡುಗಾರ. ಸಾಯುವ ದಿನ, "ಜುಜೆನ್ನ ಕರೀರಿ, ಲದಿನ್ ಹೇಳ್ಲಿ" ಎಂದು ಕೇಳುತ್ತಲೇ ಇದ್ದ. ಜುಜೆ ಅಂಗಡಿಯ ಕಟ್ಟೆಯ ಮೇಲೆ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದ. ಎದ್ದು ಬಂದಾಗ ಮುದುಕನ ಕಣ್ಣು ಮುಚ್ಚಿಯಾಗಿತ್ತು. ಅಂದಿನಿಂದ ಅವನು ಒಂದು ಸಾಲೂ ಹಾಡಿರಲಿಲ್ಲ.

ಈ ವರ್ಷ ಪ್ರಾರ್ಥನೆ ಮಾಡಿಸುತ್ತಿದ್ದ ಮುದುಕಿ ಇಜಾಬೆಲ್ ದೀಪದ ಬತ್ತಿ ಸರಿಮಾಡಿದಳು. ಯುದ್ಧದ ವರ್ಷ, ಸೀಮೆಎಣ್ಣೆ ಸಿಗದೆ ಹೊಂಗೆ ಎಣ್ಣೆ ಹೊಗೆಯಾಡುತ್ತಿತ್ತು. "ಜುಜೆ, ನೀನ ಹೇಳೋ ತಮ್ಮಾ. ನಿಮ್ಮಪ್ಪ ನಿನಗ ಕಲಿಸ್ಯಾನ."

"ನನ್ನ ಕಡಿಂದ ಆಗೂದಿಲ್ಲ, ಆಯಿ."

"ಹಂಗಾರ ಗಡಿಗಿ ಒಳಗ ಇಡ್ತೇನಿ. ಲದಿನ್ ಇಲ್ದ ಹಂಚಾಕ ಇದೇನು ಅಂಗಡಿ ಅಲ್ಲ."

"ಹೇಳಿಬಿಡೋ ಮಾರಾಯ," ಎಂದ ಈಶಪ್ಪ. "ನಾನೇನು ನಿಮ್ಮ ಶಿಲುಬಿಗೆ ಬಂದಾಂವಲ್ಲ, ಗುಗ್ಗರಿಗೆ ಬಂದಾಂವ. ಲಗೂನ ಮುಗಸು."

ಜುಜೆ ಗಡಿಗೆಯನ್ನು ನೋಡಿದ, ಎದ್ದ. ಕಾತರಿನಾ ಮುಖ ತಿರುಗಿಸಿಕೊಂಡಳು.

ಯಾರೋ ಬೆನ್ನಟ್ಟಿ ಬರುತ್ತಿದ್ದಾರೆಂಬ ಹಾಗೆ ಹಾಡಿದ. ಒಂದು ಸಾಲಿಗೆ ಜನ ಉತ್ತರ ಕೊಡುವುದರೊಳಗೆ ಇನ್ನೊಂದು. ದನಿ ಒಡೆದಿತ್ತು, ಆದರೂ ಸಾಲುಗಳು ತಾವಾಗಿ ಬಂದವು, ಅಪ್ಪ ಉಸಿರು ಬಿಡುತ್ತಿದ್ದ ಜಾಗದಲ್ಲೇ ಉಸಿರು ಬಿಡುತ್ತ. ಇನ್ನೇನು ಸ್ವಲ್ಪ ಉಳಿದಿದೆ ಎನ್ನುವಾಗ ಇಜಾಬೆಲ್ ಕೈ ಎತ್ತಿದಳು.

"ತಡಿ. ಒಂದು ಬಿಟ್ಟಿ."

"ಯಾವುದು?"

"ಯಾವುದಂತ ನಿನಗ ಗೊತ್ತೈತಿ."

ಗೊತ್ತಿತ್ತು. ಬೇಕೆಂದೇ ಬಿಟ್ಟಿದ್ದ. ಲದಿನ್ ಪಾದ್ರಿಗಳ ಭಾಷೆಯದು, ಅರ್ಥ ಕೇರಿಯಲ್ಲಿ ಯಾರಿಗೂ ತಿಳಿಯದು. ಅಪ್ಪನಿಗೆ ಮಾತ್ರ ಆ ಒಂದು ಸಾಲನ್ನು ಯಾವನೋ ಪಾದ್ರಿ ಬಿಡಿಸಿ ಹೇಳಿದ್ದನಂತೆ. "ಪಾಪಿಗಳಿಗೆ ಆಸರ ಅಂತ ಅದರ ಅರ್ಥ," ಎಂದು ಅವನು ಮಗನಿಗೆ ದಾಟಿಸಿದ್ದ. "ಎಲ್ಲಾ ಮರೆತರೂ ಇದನ್ನ ಬಿಡಬ್ಯಾಡ."

ಜುಜೆ ಆ ಸಾಲನ್ನು ಹೇಳಿದ. ಅರ್ಧಕ್ಕೇ ದನಿ ನಿಂತಿತು. ಈಗ ನಗುತ್ತಾರೆ ಎಂದುಕೊಂಡ, ಯಾರೂ ನಗಲಿಲ್ಲ. "ನಮಗಾಗಿ ಬೇಡಿಕೋ ತಾಯಿ" ಎಂದರು ಎಲ್ಲರೂ, ಗುಗ್ಗರಿಗೆ ಬಂದ ಈಶಪ್ಪನೂ. ಒಳಗೆ ಏನೂ ಇಲ್ಲವೆಂದು ಅವನು ಅಂದುಕೊಂಡಿದ್ದ ಜಾಗದಲ್ಲಿ ಯಾರೋ ಕೂತು ಕೇಳುತ್ತಿದ್ದಾರೆ ಎನ್ನಿಸಿತು; ಎಷ್ಟೋ ದಿನದಿಂದ ಅಲ್ಲೇ ಕೂತಿದ್ದವರ ಹಾಗೆ. ಜುಜೆಗೆ ಹೆದರಿಕೆಯಾಯಿತು. ಎಲ್ಲರೆದುರಿಗೆ ಅಳು ಬಂತು. ಉಳಿದ ಸಾಲುಗಳನ್ನು ಅಳುತ್ತಲೇ, ಆದರೆ ನಿಧಾನವಾಗಿ ಹೇಳಿದ.

ದಾಹ ಮಾತ್ರ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಇಜಾಬೆಲ್ ಮೊದಲ ಚಿಪ್ಪನ್ನು ಅವನ ಕೈಗಿಟ್ಟಾಗ ಆ ವಾಸನೆಗೆ ಬಾಯಲ್ಲಿ ನೀರೂರಿತು. ಉಳಿದವರಿಗೂ ಚಿಪ್ಪು ಹಂಚಿಯಾಯಿತು. ಎಲ್ಲರೂ ಕೈಯಲ್ಲಿ ಹಿಡಿದು ಅವನ ತುಟಿಯನ್ನೇ ನೋಡುತ್ತಿದ್ದರು. ಕಾತರಿನಾಳೂ ನೋಡುತ್ತಿದ್ದಳು. ಚಿಪ್ಪು ತುಳುಕಿ ಸೆರೆ ಬೆರಳ ಮೇಲೆ ಚೆಲ್ಲಿತು.

"ಹಚ್ಚೋ ತುಟಿಗೆ," ಎಂದ ಈಶಪ್ಪ. "ನಮ್ಮ ಗಂಟಲ ಒಣಗೇತಿ."

ಜುಜೆ ಬಗ್ಗಿ ಚಿಪ್ಪನ್ನು ಶಿಲುಬೆಯ ಬುಡದಲ್ಲಿಟ್ಟ. ಬೆರಳುಗಳನ್ನು ಮಣ್ಣಿಗೆ ಒರೆಸಿದ. "ಈಗ ಆಗೂದಿಲ್ಲ. ಇನ್ನೊಮ್ಮೆ ಹೇಳ್ತೇನಿ," ಎಂದ.

"ಮತ್ತ ಮೊದಲಿಂದ?" ಎಂದ ಈಶಪ್ಪ.

"ಮೊದಲಿಂದ. ಇದು ಅಪ್ಪಗ. ಅವತ್ತ ಹೇಳಿದ್ದಿಲ್ಲ."

ಯಾರೋ ಗೊಣಗಿದರು. ಇಜಾಬೆಲ್ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದಳು. ಜುಜೆ ಮೊದಲ ಸಾಲು ಎತ್ತಿದ. ಹಲ್ಲು ಕಟಕಟ ಎನ್ನುತ್ತಿದ್ದರಿಂದ ಮಾತು ಸರಿಯಾಗಿ ಹೊರಡಲಿಲ್ಲ.

ಕಾತರಿನಾ ಗಂಟು ಬಿಚ್ಚಿದಳು. ಸೀರೆಗಳು ನೆಲಕ್ಕೆ ಬಿದ್ದವು, ಹಿತ್ತಾಳೆ ತಂಬಿಗೆ ಉರುಳಿಕೊಂಡು ಹೋಗಿ ಈಶಪ್ಪನ ಕಾಲಿಗೆ ತಾಗಿ ನಿಂತಿತು. ಅವಳು ಎದ್ದು ಬಂದು ಕೌದಿಯನ್ನು ಗಂಡನ ಹೆಗಲ ಮೇಲೆ ಹೊದಿಸಿದಳು, ಪಕ್ಕದಲ್ಲೇ ನಿಂತಳು.

"ನಮಗಾಗಿ ಬೇಡಿಕೋ ತಾಯಿ," ಎಂದರು ಜನ, ತುಂಬಿದ ಚಿಪ್ಪುಗಳನ್ನು ಹಿಡಿದುಕೊಂಡೇ.